ಗಾಜಿನ ತೊಟ್ಟಿಗೆ ತಿಪ್ಪೆಯ ಹುಳು

ಚಿಕ್ಕಲಸಂದ್ರ, ಬೆಂಗಳೂರು
ಭಾನುವಾರ, 30 ನವೆಂಬರ್ 2003

ಪ್ರೀತಿಯ ದಿವ್ಯಳಿಗೆ ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಈಗ ಹೇಗಿದೆ? ಹೋಗುವಾಗಲೇ ಗಂಟಲು ಕಟ್ಟಿತ್ತು. ನಿಮ್ಮ ತಾಯಿಯ ಮನೆಯ ಮಹಡಿ ಕೋಣೆಗೆ ಬೆಳಗಿನ ಜಾವ ಚಳಿ ಜಾಸ್ತಿ, ಕಿಟಕಿ ಮುಚ್ಚಿ ಮಲಗು. ಮೆಣಸು ಜೀರಿಗೆ ಕಷಾಯಕ್ಕೆ ಸಕ್ಕರೆ ಹಾಕಬೇಡ, ಬೆಲ್ಲ ಹಾಕು. ಶ್ರೀನಗರದಿಂದಲೇ ಬಸ್ಸು ಹಿಡಿದು ಶಾಲೆಗೆ ಹೋಗಿ ಬರುತ್ತಿದ್ದೀಯಂತೆ, ಸೀನ ಹೇಳಿದ. ಸ್ವೆಟರು ಹಾಕಿಕೊಂಡು ಹೋಗು. ಶಾಲೆಯ ಮೇಡಂ ಸ್ವೆಟರು ಹಾಕಿಕೊಂಡರೆ ಮಕ್ಕಳೇನೂ ನಗುವುದಿಲ್ಲ. ನಿಮ್ಮ ತಾಯಿಯವರ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಮಾವನಿಗೆ ಬಿಪಿ ಮಾತ್ರೆ ನುಂಗಿಸುವುದು ಎಂದಿನಂತೆ ದಿನಕ್ಕೊಂದು ಜಗಳ. ನಿನ್ನ ಗಂಡ ಸೀನ ಬೆಳಗ್ಗೆ ತಿಂಡಿ ತಿನ್ನದೆ ಹೋಗುತ್ತಾನೆ, ರಾತ್ರಿ ಬಂದು ನಿನ್ನ ಏಡಿ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ.

ಒಂದು ಗಂಟೆಯ ಬಸ್ಸು ದಾರಿಗೆ ಅತ್ತೆ ಕಾಗದ ಬರೆದಿದ್ದಾಳೆಂದು ನಗಬೇಡ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನಿಮ್ಮ ತಾಯಿಯೇ ಎತ್ತಿಕೊಂಡರು, ನಾನು ಇವತ್ತು ಏನು ಸಾರು ಎಂದು ಕೇಳಿ ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ಜಗಳ ಆಡಲು ಬರುತ್ತದೆ, ಸುದ್ದಿ ಹೇಳಲು ಬರುವುದಿಲ್ಲ. ಎಂಟನೇ ತರಗತಿ ಮುಗಿಸಿದ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ನೀನು ಹೋಗಿ ಇಂದಿಗೆ ಇಪ್ಪತ್ತಮೂರು ದಿನ. ಆಟೋ ಬಾಗಿಲಲ್ಲಿ ನಿಂತಿದ್ದಾಗ ನೀನು ಆಡಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. “ನನ್ ಕೈಯಲ್ಲಿ ಯಾವ್ದೂ ಉಳಿಯಲ್ಲ ಅತ್ತೆ. ಒಂದ್ ಏಡಿನೂ ಉಳೀಲಿಲ್ಲ” ಎಂದೆ. ಆಷಾಢದಲ್ಲಿ ಮೂರು ತಿಂಗಳಿಗೇ ಹೊಟ್ಟೆಯಿಂದ ಜಾರಿಹೋದ ಕೂಸಿನ ದುಃಖವನ್ನೂ ಆ ಏಡಿಯ ಸಾವನ್ನೂ ನೀನು ಒಂದೇ ಗಂಟು ಕಟ್ಟಿಕೊಂಡು ಹೊರಟೆ. ಡಾಕ್ಟರಮ್ಮ ಅವತ್ತೇ ಹೇಳಲಿಲ್ಲವೇ, ಅದು ಯಾರ ತಪ್ಪೂ ಅಲ್ಲ ಎಂದು? ಇರಲಿ. ಆ ಗಂಟು ಬಿಚ್ಚುವುದಕ್ಕೇ ಈ ಕಾಗದ. ಆದರೆ ನನ್ನ ಬಾಯಿ ಗೊತ್ತಲ್ಲ, ಒಳ್ಳೆಯ ಸುದ್ದಿ ಇದ್ದರೆ ಅದು ಮೊದಲು ಹೊರಬರಬೇಕು. ದಿವ್ಯಾ, ನಿನ್ನ ತೊಟ್ಟಿ ಈಗ ಎಷ್ಟು ಚೊಕ್ಕಟವಾಗಿದೆ ಗೊತ್ತೇ? ಮುಚ್ಚಳ ತೆಗೆದು ಮೂಗಿಟ್ಟರೆ ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ. ನಾನು ಒಂದು ಹನಿ ಸೋಪು ಮುಟ್ಟಿಸಿಲ್ಲ, ಒಂದು ಹಿಡಿ ಮರಳು ತೊಳೆದಿಲ್ಲ. ಕೆಲಸದವರನ್ನು ಇಟ್ಟಿದ್ದೇನೆ. ಸಾವಿರ ಜನ ಇದ್ದಾರೋ ಎರಡು ಸಾವಿರವೋ, ಲೆಕ್ಕ ಹಿಡಿಯಲು ಅವರು ಒಂದು ಕಡೆ ನಿಲ್ಲುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮೂರು ಏಡಿಗಳಲ್ಲಿ ಕೆಂಚ ಸತ್ತ ಮೇಲೆ ಉಳಿದ ಎರಡನ್ನೂ ಯಾರಿಗಾದರೂ ಕೊಟ್ಟುಬಿಡಿ ಎಂದು ಸೀನನಿಗೆ ಹೇಳಿ ಹೋದೆ. ಅವನು ಯಾರಿಗೂ ಕೊಡಲಿಲ್ಲ, ನೋಡಿಕೊಳ್ಳಲೂ ಇಲ್ಲ. ದಿನಾ ಬಾಳೆಹಣ್ಣಿನ ಚೂರು ಹಾಕುವುದು, ಹಳೆಯದನ್ನು ತೆಗೆಯುವುದನ್ನು ಮರೆಯುವುದು. ಪುಟ್ಟಿಯಂತೂ ಕೆಂಚ ಸತ್ತ ಎರಡೇ ದಿನಕ್ಕೆ ಮರಳಿನೊಳಗೆ ಇಳಿದವಳು ಮೇಲೆ ಬಂದಿರಲಿಲ್ಲ. ಗುಂಡ ಒಬ್ಬನೇ ಶಂಖ ಹೊತ್ತುಕೊಂಡು ಗಾಜಿನ ಮೂಲೆಯಿಂದ ಮೂಲೆಗೆ ತಿರುಗುತ್ತಿದ್ದ. ನೀನು ಹೋದ ನಾಲ್ಕನೆಯ ದಿನಕ್ಕೆ ಮರಳಿನ ಮೇಲೆ ಹತ್ತಿಯಂಥ ಬೂಷ್ಟು ಬಂತು, ಸಣ್ಣ ಸಣ್ಣ ನೊಣ ಎದ್ದವು. ವಾಸನೆ ಹಾಲಿನಿಂದ ದೇವರ ಮನೆಯವರೆಗೆ ಹೋಯಿತು. ನಿಮ್ಮ ಮಾವ ಮೂಗಿಗೆ ಟವಲು ಒತ್ತಿಕೊಂಡು, ನಾಳೆ ಕಸದ ಗಾಡಿ ಬಂದಾಗ ತೊಟ್ಟಿ ಸಮೇತ ಕೊಟ್ಟುಬಿಡುತ್ತೇನೆ ಎಂದರು. ನನಗೆ ಎಲ್ಲಿಂದ ಕೋಪ ಬಂತೋ ಕಾಣೆ. ಅದನ್ನು ಮುಟ್ಟಿದರೆ ನಾನೂ ಅದೇ ಗಾಡಿ ಹತ್ತುತ್ತೇನೆ ಎಂದುಬಿಟ್ಟೆ. ರಾಮೇಶ್ವರದ ಟೂರಿನಲ್ಲಿ ನೀನು ಖಾಲಿ ಶಂಖದೊಳಗೆ ಮನೆ ಮಾಡುವ ಈ ಏಡಿಗಳನ್ನು ತೆಂಗಿನ ಚಿಪ್ಪಿನಲ್ಲಿ ಕೊಂಡಾಗ ಇಡೀ ಬಸ್ಸಿಗೆ ಕೇಳುವಂತೆ ಬೈದವಳು ನಾನೇ. ಈಗ ನೋಡು.

ಆದರೆ ಚೊಕ್ಕಟ ಮಾಡುವುದು ಹೇಗೆ? ತೊಳೆಯುವ ಹಾಗಿಲ್ಲ. ಒಳಗೆ ಪುಟ್ಟಿ ಇದ್ದಾಳೆ. ಏಡಿ ಮರಳೊಳಗೆ ಹೂತುಕೊಂಡರೆ ಪೊರೆ ಬಿಡುತ್ತಿದೆ ಎಂದರ್ಥ, ಆಗ ಕೆದಕಿದರೆ ಸತ್ತೇ ಹೋಗುತ್ತದೆ ಎಂದು ನೀನು ತೊಟ್ಟಿಯ ಪಕ್ಕ ಚೀಟಿ ಅಂಟಿಸಿದ್ದೆಯಲ್ಲ, ಅದನ್ನು ದಿನಕ್ಕೆ ಹತ್ತು ಸಲ ಓದಿದೆ. ಬದುಕಿದ್ದಾಳೋ ಇಲ್ಲವೋ ನೋಡೋಣವೆಂದರೂ ಅಗೆಯುವ ಹಾಗಿಲ್ಲ. ವಾಸನೆ ಬೂಷ್ಟಿನದೋ, ಪುಟ್ಟಿಯದೋ ಎಂಬ ಭಯ ಬೇರೆ. ಅವಳೂ ಹೋದರೆ ನೀನು ಆಡಿದ ಮಾತೇ ನಿಜವಾಗಿಬಿಡುತ್ತದೆ, ಇನ್ನು ಯಾವತ್ತೂ ನೀನು ಒಂದು ಗಿಡಕ್ಕೂ ನೀರು ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡು ದಿನ ಅನ್ನ ಸೇರಲಿಲ್ಲ ನನಗೆ.

ಬುಧವಾರ ಬೆಳಗ್ಗೆ ಮಹಡಿಯ ಮೇಲೆ ಕನಕಾಂಬರದ ಕುಂಡ ಸರಿಸಿದೆ. ಅಡಿಯಲ್ಲಿ ಒದ್ದೆ, ಕೊಳೆತ ಎಲೆ, ಅದರ ನಡುವೆ ಬೂದು ಬಣ್ಣದ ಹುಳುಗಳು. ಮುಟ್ಟಿದರೆ ಮೆಣಸಿನ ಕಾಳಿನ ಹಾಗೆ ಉಂಡೆಯಾಗುತ್ತವಲ್ಲ, ಅವೇ. ನಾವು ಚಿಕ್ಕವರಿದ್ದಾಗ ಉಂಡೆಹುಳ ಎನ್ನುತ್ತಿದ್ದೆವು. ಪೊರಕೆ ತರಲು ಹೊರಟವಳು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ನನ್ನನ್ನು ತಿಪ್ಪೆಯ ಹತ್ತಿರ ನಿಲ್ಲಿಸಿದ್ದು ನೆನಪಾಯಿತು. ಈಗ ರಾಜಶ್ರೀ ಬಾಡಿಗೆಗಿರುವ ಕೆಳಗಿನ ಮನೆ ಇದೆಯಲ್ಲ, ಆಗ ಅದೇ ಜಾಗದಲ್ಲಿ ತಿಪ್ಪೆ ಇತ್ತು, ಅದರಾಚೆಗೆ ರಾಗಿ ಹೊಲ. ದಿನಾ ಸಗಣಿ, ಕಸ, ಮುಸುರೆ ಎಲ್ಲ ಅಲ್ಲಿಗೇ ಬೀಳುತ್ತಿತ್ತು. ಇಷ್ಟು ಹೊಲಸಿಗೆ ವಾಸನೆ ಯಾಕೆ ಬರುವುದಿಲ್ಲ, ಇದನ್ನು ಯಾರು ಗುಡಿಸುತ್ತಾರೆ ಎಂದು ನಾನು ದಡ್ಡಿಯ ಹಾಗೆ ಕೇಳಿದ್ದಕ್ಕೆ ಅತ್ತೆ ಕೋಲಿನಲ್ಲಿ ಎಲೆ ಸರಿಸಿ ತೋರಿಸಿದರು. “ಮೇಲೆ ಹಾಕೋದಷ್ಟೇ ನಿನ್ ಕೆಲ್ಸ ಕಣಮ್ಮಿ. ಕೆಳಗಿನ್ ಕೆಲ್ಸ ಮಾಡೋರು ಬೇರೆ ಅವ್ರೆ” ಎಂದರು. ಬೂದು ಹುಳು, ಅದಕ್ಕಿಂತ ಕೆಳಗೆ ರವೆಯ ಚೂರಿನಂಥ ಬಿಳಿ ಹುಳು, ಮುಟ್ಟಿದರೆ ಚಂಗನೆ ಹಾರುವಂಥವು. ಒಂದು ಕೊಳೆತ ಎಲೆ ತಿಂದರೆ ಇನ್ನೊಂದು ಬೂಷ್ಟು ತಿನ್ನುತ್ತದೆ. ಹೊಲ ಹೋಗಿ ಸೈಟಾಗಿ, ಸೈಟು ಮನೆಯಾದ ಮೇಲೆ ಈ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ, ನನಗೂ ಮರೆತಿತ್ತು. ಅವತ್ತು ಅದು ನೆನಪಾದಾಗ ಆದ ಸಂತೋಷ, ಕಳೆದುಹೋದ ಓಲೆ ಸಿಕ್ಕರೂ ಆಗುತ್ತಿರಲಿಲ್ಲ ಕಣೇ.

ಸಂತೋಷ ಹೆಚ್ಚಾದಾಗ ನನಗೆ ಬುದ್ಧಿ ಕಡಿಮೆಯಾಗುತ್ತದೆ. ಕುಂಡದ ಅಡಿಯ ಮಣ್ಣನ್ನು ಹುಳುವಿನ ಸಮೇತ ಬೊಗಸೆಯಲ್ಲಿ ತಂದು ತೊಟ್ಟಿಗೆ ಸುರಿದೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಒಳಗೆ ಕೆಂಜಿಗ! ಮಣ್ಣಿನ ಜೊತೆ ಅವನ್ನೂ ತಂದಿದ್ದೆ. ಗುಂಡ ಕಾಲೆಲ್ಲ ಒಳಗೆಳೆದುಕೊಂಡು ಶಂಖದ ಬಾಗಿಲು ಹಾಕಿಕೊಂಡುಬಿಟ್ಟಿದ್ದ. ಒದ್ದೆ ಬಟ್ಟೆಯ ತುದಿಯಲ್ಲಿ ಒಂದೊಂದನ್ನೇ ಅಂಟಿಸಿ ತೆಗೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಕೈಯೆಲ್ಲ ಕಚ್ಚಿಸಿಕೊಂಡೆ. ನಿಮ್ಮ ಮಾವ ಕುರ್ಚಿಯಲ್ಲಿ ಕೂತು ನೋಡುತ್ತಾ, “ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಐವತ್ತೆಂಟಕ್ಕೇ ಬಂತಾ?” ಎಂದರು. ಮಣ್ಣು ಹಾಕಬಾರದು, ಹುಳುವನ್ನು ಮಾತ್ರ ಹಾಕಬೇಕು ಎಂದು ಕಲಿತೆ.

ಮಾರನೆಯ ದಿನ ಉತ್ತರಹಳ್ಳಿ ಕಡೆಗೆ ಮುನಿಯಣ್ಣನ ನರ್ಸರಿಗೆ ಹೋದೆ. ನಿನಗೆ ಗೊತ್ತಿಲ್ಲ, ನಮ್ಮ ಹೊಲದ ಪಕ್ಕದಲ್ಲಿ ಸೊಪ್ಪು ಬೆಳೆಯುತ್ತಿದ್ದವನು. ಈಗ ಅಪಾರ್ಟ್‌ಮೆಂಟಿನವರಿಗೆ ಕ್ರೋಟನ್ನು, ಗುಲಾಬಿ ಮಾರುತ್ತಾನೆ. ಅವನ ಹಿತ್ತಿಲಲ್ಲಿ ಆಳೆತ್ತರದ ಎಲೆಗೊಬ್ಬರದ ಗುಂಡಿ ಇನ್ನೂ ಇದೆ. ಬಂದ ಕೆಲಸ ಹೇಳಿದ್ದಕ್ಕೆ ಅವನು ಬೀಡಿ ಆರಿಸಿ ನನ್ನ ಮುಖವನ್ನೇ ನೋಡಿದ. “ಅಕ್ಕಾ, ಜನ ಇಲ್ಗೆ ಹುಳ ಸಾಯ್ಸೋ ಔಷ್ದಿ ಕೇಳ್ಕೊಂಡ್ ಬರ್ತಾರೆ. ಹುಳ ಕೇಳ್ಕೊಂಡ್ ಬಂದೋಳು ನೀನೊಬ್ಳೇ” ಎಂದ. ಆದರೆ ಕೆಲಸ ಗೊತ್ತಿದ್ದವನು. ಬಕೆಟ್ಟಿಗೆ ನೀರು ತುಂಬಿ ಅದರ ಮೇಲೆ ಕೊಳೆತ ಎಲೆಯನ್ನು ತಟ್ಟಿದ. ಬಿಳಿಯ ಹುಳುಗಳೆಲ್ಲ ನೀರಿನ ಮೇಲೆ ತೇಲಿದವು, ಉಪ್ಪಿಟ್ಟಿಗೆ ಇಟ್ಟ ಎಸರಿಗೆ ಯಾರೋ ರವೆ ಉದುರಿಸಿದ ಹಾಗೆ. ಒಂದೂ ಮುಳುಗಲಿಲ್ಲ! ಇಸ್ತ್ರಿ ಗಾಡಿಯವನಿಂದ ತಂದಿದ್ದ ಇದ್ದಿಲ ಚೂರನ್ನು ನೆನೆಸಿ ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟಿದ್ದೆ. ಹುಳುಗಳನ್ನು ಮಾವಿನೆಲೆಯಲ್ಲಿ ಎತ್ತಿ ಅದರೊಳಗೆ ಬಿಟ್ಟೆವು. ಬೂದು ಹುಳುವಿಗೆ ಬೇರೆ ಉಪಾಯ. ಆಲೂಗಡ್ಡೆಯನ್ನು ಅರ್ಧ ಮಾಡಿ, ಒಳಗೆ ಕೆರೆದು, ಗುಂಡಿಯ ಅಂಚಿನಲ್ಲಿ ಬೋರಲು ಹಾಕಿಟ್ಟ. ಮರುದಿನ ಬೆಳಗ್ಗೆ ಮತ್ತೆ ಹೋಗಿ ನೋಡಿದರೆ ಅದರೊಳಗೆ ಮೂವತ್ತು ನಲವತ್ತು ಮಂದಿ ಸೇರಿದ್ದರು, ಛತ್ರದಲ್ಲಿ ಊಟಕ್ಕೆ ಕೂತ ಹಾಗೆ. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಟಲಿಯಲ್ಲಿ ಏನು ಆಂಟಿ ಎಂದು ಕೇಳಿದಳು. ಎರೆಗೊಬ್ಬರ ಎಂದು ಸುಳ್ಳು ಹೇಳಿದೆ.

ಅವನ್ನು ಬಿಟ್ಟ ಐದನೆಯ ದಿನಕ್ಕೆ ಬೂಷ್ಟು ಅರ್ಧ ಹೋಗಿತ್ತು, ಎಂಟನೆಯ ದಿನಕ್ಕೆ ಇಲ್ಲವೇ ಇಲ್ಲ. ಗುಂಡ ತಿಂದು ಬಿಟ್ಟ ಬಾಳೆಹಣ್ಣಿನ ಕೆಳಗೆ ಬೂದು ಹುಳುಗಳು ಸಾಲಾಗಿ ಸೇರಿ ಸಿಪ್ಪೆಯನ್ನು ಜಾಲರಿ ಮಾಡಿಬಿಡುತ್ತವೆ. ಅವನು ಅವುಗಳ ಮೇಲೆಯೇ ನಡೆದುಕೊಂಡು ಹೋಗುತ್ತಾನೆ, ಇವು ಉಂಡೆಯಾಗುತ್ತವೆ, ಅವನು ಹೋದ ಮೇಲೆ ಮತ್ತೆ ಬಿಚ್ಚಿಕೊಂಡು ಕೆಲಸಕ್ಕೆ ಇಳಿಯುತ್ತವೆ. ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ನನ್ನನ್ನು ಅರಳು ಮರಳು ಎಂದವರು ಈಗ ಪಂಚಾಂಗ ಓದುವ ಭೂತಗನ್ನಡಿ ಹಿಡಿದುಕೊಂಡು ತೊಟ್ಟಿಗೆ ಮುಖ ಒತ್ತಿ ಕೂರುತ್ತಾರೆ, ಮರಿ ಹಾಕಿವೆ ಬಾರೇ ಎಂದು ಒಲೆಯ ಮುಂದಿದ್ದವಳನ್ನು ಕರೆಯುತ್ತಾರೆ. ಪಕ್ಕದ ಮನೆಯ ಸೀತಾಲಕ್ಷ್ಮಿ ಶುಕ್ರವಾರ ಕುಂಕುಮಕ್ಕೆ ಬಂದವಳು ನೋಡಿ ಗಾಬರಿಯಾಗಿ, ಇರುವೆ ಜಿರಳೆಗೆ ಎಳೆಯುವ ಸೀಮೆಸುಣ್ಣ ತಂದುಕೊಡುತ್ತೇನೆ ಎಂದಳು. ಅವಳನ್ನು ಬಾಗಿಲವರೆಗೂ ಜೊತೆ ಹೋಗಿ ಕಳಿಸಿ ಬಂದೆ, ಮರ್ಯಾದೆಗಲ್ಲ, ಎಲ್ಲಾದರೂ ಗೆರೆ ಎಳೆದುಬಿಟ್ಟಾಳು ಎಂದು. ರಾಜಶ್ರೀಯ ಕಥೆ ಇನ್ನೂ ಚೆನ್ನ. ಬಿಟಿಎಂ ಲೇಔಟಿನ ಅವಳ ಆಫೀಸಿನಲ್ಲಿ ಇಂಟರ್ನೆಟ್ಟು ನೋಡಿಕೊಂಡು ಓಡಿ ಬಂದಳು. “ಅಮ್ಮಾರ, ಪರದೇಶದಾಗ ಏಡಿ ಸಾಕೋರು ಇದೇ ಹುಳಾ ರೊಕ್ಕಾ ಕೊಟ್ಟು ತರಸ್ತಾರಂತ್ರಿ! ನೀವು ತಿಪ್ಪಿಂದ ತಂದೀರಿ” ಎಂದು ನಕ್ಕು ನಕ್ಕು ಸುಸ್ತಾದಳು. ಆ ರಾತ್ರಿ ನನಗೆ ಜಂಬದಿಂದ ನಿದ್ದೆ ಬರಲಿಲ್ಲ. ನಮ್ಮ ಅತ್ತೆ ಇದ್ದಿದ್ದರೆ ಹೇಳುತ್ತಿದ್ದೆ.

ಈಗ ಕೂತುಕೊಂಡು ಓದು. ಮೊನ್ನೆ ಬುಧವಾರ, ಇಪ್ಪತ್ತಾರನೇ ತಾರೀಖು, ಮಧ್ಯಾಹ್ನ ಎರಡೂವರೆ. ಹುರುಳಿಕಾಳು ಆರಿಸುತ್ತಾ ತೊಟ್ಟಿಯ ಪಕ್ಕ ಕೂತಿದ್ದೆ. ಮೂಲೆಯ ಮರಳು ಅಲುಗಾಡಿತು. ಹುಳುವಿರಬೇಕು ಎಂದುಕೊಂಡೆ. ಮತ್ತೆ ಅಲುಗಾಡಿತು, ಈ ಸಲ ಬಿರುಕು ಬಿಟ್ಟಿತು, ಆಮೇಲೆ ಒಂದು ಕಾಲು ಬಂತು. ದಿವ್ಯಾ, ಒಂದು ಕಾಲು, ಆಮೇಲೆ ಮೀಸೆ, ಆಮೇಲೆ ಶಂಖ! ಪುಟ್ಟಿ! ಒಂದು ತಿಂಗಳು ಮಣ್ಣಲ್ಲಿದ್ದವಳು ಎದ್ದು ಬಂದಳು. ಮೊದಲಿಗಿಂತ ದೊಡ್ಡವಳಾಗಿದ್ದಾಳೆ, ಹಳೆಯ ಶಂಖ ಬಿಗಿಯಾಗಿ ಕಾಲು ಹೊರಗೇ ಉಳಿದಿವೆ. ಬಣ್ಣವಂತೂ ಎಳೆಯ ಮಾವಿನ ಚಿಗುರು. ನಾನು ಮೊರ ಚೆಲ್ಲಿ ಕೂಗಿದ ಕೂಗಿಗೆ ಮಲಗಿದ್ದ ನಿಮ್ಮ ಮಾವ ಪಂಚೆ ಕಟ್ಟಿಕೊಳ್ಳದೆಯೇ ಓಡಿ ಬಂದರು. ಸೀನನ ಆಫೀಸಿಗೆ ಫೋನು ಮಾಡಿಸಿದೆ, ಅವನು ರಜೆ ಹಾಕಿ ಬಂದುಬಿಟ್ಟ. ಸ್ಟೂಲಿನ ಮೇಲೆ ಕೂತು ನೋಡಿದ, ನೋಡಿದ, ಕಣ್ಣು ಒರೆಸಿಕೊಂಡ. ನಾನು ಕಂಡಿಲ್ಲ ಎಂದು ತಿಳಿದಿದ್ದಾನೆ. “ಅಮ್ಮ, ದಿವ್ಯಂಗೆ ಹೇಳ್ಬೇಕು” ಎಂದು ಚಪ್ಪಲಿ ಮೆಟ್ಟಿಕೊಂಡ. ಬೇಡ, ನಾನೇ ಬರೆಯುತ್ತೇನೆ, ನನಗೆ ನಾಲ್ಕು ದಿನ ಕೊಡು ಎಂದು ತಡೆದೆ. ಯಾಕೆ ನಾಲ್ಕು ದಿನ ಎಂದು ಅವನು ಕೇಳಲಿಲ್ಲ, ಪಾಪ.

ಪುಟ್ಟಿಗೆ ಈಗ ದೊಡ್ಡ ಶಂಖ ಬೇಕು. ಎಂಥದ್ದು, ಬಾಯಿ ಎಷ್ಟು ಅಗಲದ್ದು, ನನಗೆ ತಿಳಿಯುವುದಿಲ್ಲ. ಅದು ನಿನ್ನ ವಿದ್ಯೆ. ನಿನಗೆ ಬರಬೇಕೆನಿಸಿದಾಗ ಬಾ, ನಾನು ದಿನ ನೋಡಿ ಮುಹೂರ್ತ ಇಟ್ಟು ಕರೆಯುವುದಿಲ್ಲ. ಬಂದರೆ ಅವರೆಕಾಳು ಹಿತಕಿ ಇಟ್ಟಿರುತ್ತೇನೆ. ಬರದಿದ್ದರೂ ಈ ಎರಡನ್ನು ನಾನು ಬಿಡುವುದಿಲ್ಲ. ನಿಮ್ಮ ತಂದೆ ತಾಯಿಯರಿಗೆ ನನ್ನ ನಮಸ್ಕಾರ ತಿಳಿಸು. ನಿಮ್ಮ ಮಾವ, ಸೊಸೆಗೆ ನನ್ನ ಹೆಸರೂ ಹಾಕು, ಭೂತಗನ್ನಡಿ ವಿಷಯ ಬರೆಯಬೇಡ ಎಂದಿದ್ದಾರೆ. ನೂರು ವರುಷ ತಣ್ಣಗೆ ಬಾಳು, ತಾಯಿ.

ಇಂತಿ ನಿನ್ನ ಅತ್ತೆ,
ಅಂಜನಮ್ಮ

ಮತ್ತೆ: ಅಂಟು ಹಚ್ಚುವ ಮುಂಚೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಯಾವತ್ತೂ ಬರೆಯಲಾರೆ. ಸೀನನ ಕೈಯಲ್ಲಿ ಕೊಡದೆ ಅಂಚೆಗೆ ಹಾಕುವುದೂ ಇದಕ್ಕೇ. ಕೆಂಚ ಸತ್ತದ್ದು ನಿನ್ನಿಂದಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ನೀನು ಶಾಲೆಗೆ ಹೋದ ಮೇಲೆ, ಹಬ್ಬಕ್ಕೆ ಮನೆಯೆಲ್ಲ ತೊಳೆದಂತೆ ಆ ತೊಟ್ಟಿಯನ್ನೂ ತೊಳೆದೆ. ಮರಳನ್ನು ಡ್ರಮ್ಮಿನಲ್ಲಿ ಜಾಲಿಸಿ, ಗಾಜಿಗೆ ಫಿನಾಯಿಲು ಹಾಕಿ ಉಜ್ಜಿ, ಮೂರನ್ನೂ ಮತ್ತೆ ಒಳಗೆ ಬಿಟ್ಟೆ. ಬಲಿಪಾಡ್ಯಮಿಗೆ ಕೆಂಚ ಹೋದ. ನೀನು ಉಪ್ಪುನೀರಿನ ಅಳತೆ ತಪ್ಪಿತು, ನನ್ನ ಕೈಯಿಂದಲೇ ಸತ್ತಿತು ಎಂದು ಪುಸ್ತಕ ಹಿಡಿದು ಅಳುವಾಗ ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ನೀನು ಆಟೋ ಹತ್ತುವಾಗಲೂ ಬಿಡಲಿಲ್ಲ. ನನ್ನನ್ನು ಬೈಯಬೇಕೆನಿಸಿದರೆ ಬೈ, ಆದರೆ ನಿನ್ನ ಕೈಯನ್ನು ಬೈಯಬೇಡ. ಇಂದಿಗೂ ಆ ಎರಡಕ್ಕೆ ನೀನು ಬರೆದಿಟ್ಟ ಅಳತೆಯಲ್ಲೇ ಉಪ್ಪು ಕಲಸಿಡುತ್ತಿದ್ದೇನೆ, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಅದನ್ನೇ ಕುಡಿದು ಬದುಕಿವೆ.